ಫಿಜಿಯಿಂದ ಬಂದ ಫುಲ್‌ಬ್ಯಾಕ್

ಇಲೈಸ ಭಟ್ಕಳಕ್ಕೆ ಬಂದದ್ದು ಎಂಬತ್ತೊಂದರ ಮಳೆಗಾಲದಲ್ಲಿ, ಇಂಜಿನಿಯರಿಂಗ್ ಓದಲು. ಪೆಸಿಫಿಕ್ ಸಮುದ್ರದಲ್ಲಿ ಫಿಜಿ ಎಂಬ ದ್ವೀಪದೇಶವಿದೆ ಎಂಬುದೇ ನಮ್ಮ ಬಂದರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಳು ಹಾಯಿಮರದಷ್ಟು ನೆಟ್ಟಗೆ, ಎತ್ತರ. ಅವನ ಊರಿನ ಕಬ್ಬಿನ ಗದ್ದೆಗಳಲ್ಲಿ ಹಿಂದೊಮ್ಮೆ ಭಾರತದಿಂದ ಹೋದವರ ಮೊಮ್ಮಕ್ಕಳಿದ್ದರಂತೆ. ಅವರ ಜೊತೆ ಆಡಿ ಬೆಳೆದವನಿಗೆ ಒಂದು ಬಗೆಯ ಹಿಂದಿ ಬರುತ್ತಿತ್ತು. ಭಟ್ಕಳದ ಪೇಟೆಗೆ ಅಷ್ಟು ಧಾರಾಳವಾಯಿತು. ಕನ್ನಡವನ್ನು ಅವನು ನಮ್ಮಿಂದಲೇ ಕಲಿತ.

ಅವನು ಫುಟ್‌ಬಾಲ್ ಆಡುತ್ತಾನೆಂದು ತಿಳಿದದ್ದೇ ನಮ್ಮ ಊರಿನ ತಂಡದ ಕ್ಯಾಪ್ಟನ್ ಮಹಾಬಲ ಹಾಸ್ಟೆಲಿಗೆ ಓಡಿದ. ಮಹಾಬಲ ಶಿರಾಲಿ ಕಡೆಯ ತೋಟದ ಮನೆಯವನು, ಅದೇ ಕಾಲೇಜಿನ ವಿದ್ಯಾರ್ಥಿ. ನಾನು ದೇವು, ಅಪ್ಪನ ಜೊತೆ ದೋಣಿಗೆ ಹೋಗುವವನು, ತಂಡದ ಗೋಲು ಕಾಯುವ ಗೋಲಿ.

"ಇವನನ್ನು ಫಾರ್ವರ್ಡ್ ನಿಲ್ಲಿಸುವ. ತಲೆ ಕೊಟ್ಟರೆ ಸಾಕು, ಗೋಲು" ಎಂದ ಮಹಾಬಲ.

ಇಲೈಸ ಒಪ್ಪಲಿಲ್ಲ. "ನಾನು ಬ್ಯಾಕ್. ನನ್ನ ಅಪ್ಪನೂ ಬ್ಯಾಕ್. ಮುಂದೆ ಆಡುವುದು ನನಗೆ ಗೊತ್ತಿಲ್ಲ, ಕಲಿಯುವ ಆಸೆಯೂ ಇಲ್ಲ."

ಹೊನ್ನಾವರದ ಮೊದಲ ಪಂದ್ಯದಲ್ಲಿ ಜನ ನಕ್ಕರು. ಆನೆಯನ್ನು ತಂದು ಕಟ್ಟಿಹಾಕಿದ್ದಾರೆ ಎಂದು ಬೇಲಿಯಾಚೆಯಿಂದ ಯಾರೋ ಕೂಗಿದರು. ಇಲೈಸ ಹೆಚ್ಚು ಓಡುತ್ತಲೂ ಇರಲಿಲ್ಲ. ಆದರೆ ಎದುರಾಳಿ ಚೆಂಡು ತಂದ ಕಡೆಯೆಲ್ಲ ಅವನು ಮೊದಲೇ ಇರುತ್ತಿದ್ದ. "ದೇವು, ಎಡಕ್ಕೆ", "ದೇವು, ಮುಂದೆ ಬಾ" ಎಂಬ ಅವನ ದನಿ ಬಿಟ್ಟರೆ ನನಗೆ ಆ ದಿನ ಕೆಲಸವೇ ಇರಲಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ನಗುವವರೂ ಇರಲಿಲ್ಲ.

ಭಾನುವಾರ ಅವನ ಊಟ ನಮ್ಮ ಮನೆಯಲ್ಲಿ. ನನ್ನ ಅಮ್ಮ ಮಾಸ್ತಮ್ಮ ಪೇಟೆಯಲ್ಲಿ ಮೀನು ಮಾರುವವಳು. ಒಮ್ಮೆ ಅವನು ಹಸಿ ಮೀನಿಗೆ ಲಿಂಬೆಹಣ್ಣು ಹಿಂಡಿ, ತೆಂಗಿನಹಾಲು ಹಾಕಿ, ಇದು ನಮ್ಮ ಊರಿನ ಅಡುಗೆ ಎಂದು ಅವಳ ಮುಂದಿಟ್ಟ.

"ಒಲೆ ಉರೀತಾ ಇರೂವಾಗ ಹಸಿ ಮೀನು ತಿನ್ನೂದು ಎಂತಕೆ ಮಗಾ?" ಎಂದಳು ಅಮ್ಮ. ಆದರೂ ಒಂದು ತುಂಡು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು, ಇನ್ನೊಂದು ತೆಗೆದುಕೊಂಡಳು.

ಮರುವರ್ಷ ಕುಮಟಾದಲ್ಲಿ, ಕುಮಟಾದವರ ಮೇಲೆಯೇ, ಕರಾವಳಿಯ ತಂಡಗಳ ಕಪ್ಪಿನ ಫೈನಲ್. ನಾವು ಒಂದು ಗೋಲು ಮುಂದಿದ್ದೆವು. ಇನ್ನೇನು ಸೀಟಿ ಊದಬೇಕು, ಕುಮಟಾದ ಫಾರ್ವರ್ಡ್ ರಾಮ ಗೋಲಿನ ಹತ್ತಿರದಿಂದಲೇ ಬಲವಾಗಿ ಒದ್ದ. ಚೆಂಡು ಗುಂಪಿನಲ್ಲಿ ಯಾರಿಗೋ ತಗಲಿ ಹೊರಗೆ ಹೋಯಿತು. ರೆಫರಿ ಕಾರ್ನರ್ ಎಂದು ತೋರಿಸಿದರು. ಆಗ ಇಲೈಸ ಅವರ ಹತ್ತಿರ ನಡೆದು ಹೋದ.

"ನನ್ನ ಕೈಗೆ ತಗಲಿತು" ಎಂದ.

ರೆಫರಿ ನಂಬದೆ ಮತ್ತೆ ಕೇಳಿದರು. ಅವನು ಅದನ್ನೇ ಹೇಳಿದ. ಪೆನಾಲ್ಟಿ ಕೊಟ್ಟರು.

"ನಿಂಗೆ ತಲೆ ಸರಿ ಇದ್ಯಾ? ಯಾರೂ ನೋಡ್ಲಿಲ್ಲ" ಎಂದ ಮಹಾಬಲ, ಅವನ ಅಂಗಿ ಹಿಡಿದು.

ಇಲೈಸ ಅಂಗಿ ಬಿಡಿಸಿಕೊಂಡು ನನ್ನ ಹತ್ತಿರ ಬಂದ. "ನೀನು ಹಿಡೀತೀ ದೇವು. ನಿನ್ನಿಂದ ಆಗ್ತದೆ."

ಆಗಲಿಲ್ಲ. ಬೆರಳಿಗೆ ತಾಗಿದ ಚೆಂಡು ಕಂಬಕ್ಕೆ ಬಡಿದು ಒಳಗೇ ಹೋಯಿತು. ಹೆಚ್ಚುವರಿ ಆಟದಲ್ಲಿ ಅವರು ಇನ್ನೊಂದು ಹೊಡೆದು ಕಪ್ಪು ಒಯ್ದರು.

ಹಿಂದಿರುಗುವಾಗ ಟೆಂಪೋದಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ಮಂಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನು ಅವನ ಪಕ್ಕ ಕೂತೆ.

"ಬೇಜಾರಿಲ್ವಾ ಮಾರಾಯಾ?"

"ಸೋತದ್ದಕ್ಕೆ ಇದೆ. ಹೇಳಿದ್ದಕ್ಕೆ ಇಲ್ಲ" ಎಂದ. ಆಮೇಲೆ ಬನ್ ಮುರಿದು ಅರ್ಧ ನನಗೆ ಕೊಟ್ಟು, "ಬರುವ ವರ್ಷ ಗೆಲ್ತೇವೆ" ಎಂದ. ಸಮಾಧಾನಕ್ಕೆ ಹೇಳಿದ ಮಾತಿನ ಹಾಗೆ ಇರಲಿಲ್ಲ ಅದು.

ಮಹಾಬಲ ಆ ಮಳೆಗಾಲವಿಡೀ ಅವನ ಜೊತೆ ಮಾತು ಬಿಟ್ಟಿದ್ದ. ನವರಾತ್ರಿ ಕಳೆದ ಮೇಲೆ ಮತ್ತೆ ಆಟ ಶುರುವಾಯಿತು. ಸೆಮಿಫೈನಲ್ಲಿನಲ್ಲಿ ಹೊನ್ನಾವರದ ಹುಡುಗನೊಬ್ಬ ಇಲೈಸನ ಕಾಲ ಬಳಿ ಉರುಳಿ ಬಿದ್ದ. ಮೈದಾನವೆಲ್ಲ ಪೆನಾಲ್ಟಿ, ಪೆನಾಲ್ಟಿ ಎಂದು ಬೊಬ್ಬೆ. ಕುಮಟಾದಲ್ಲಿದ್ದ ರೆಫರಿಯೇ ಇಲ್ಲೂ ಇದ್ದರು. ಅವರು ಇಲೈಸನ ಮುಖ ನೋಡಿದರು.

"ಮುಟ್ಟಿದೆಯಾ?"

"ಇಲ್ಲ."

ಅವರು ಮತ್ತೊಂದು ಮಾತು ಕೇಳದೆ ಆಟ ಮುಂದುವರಿಸಿದರು. ಬಿದ್ದಿದ್ದ ಹುಡುಗ ತಾನೇ ಎದ್ದು ಮಣ್ಣು ಕೊಡವಿಕೊಂಡ.

ಅಂದು ಸಂಜೆ ಮಹಾಬಲ ತನ್ನ ತೋಳಿನ ಪಟ್ಟಿ ಬಿಚ್ಚಿ ಇಲೈಸನಿಗೆ ಕಟ್ಟಿದ. "ನಿನ್ನ ಮಾತು ನಡೀತದೆ ಮಾರಾಯಾ, ನಂದು ನಡೀತಿಲ್ಲೆ. ಫೈನಲ್ಲಿಗೆ ನೀನೇ ಕ್ಯಾಪ್ಟನ್. ಆತಾ?"

ಆ ವರ್ಷ ಕಪ್ಪು ನಮ್ಮದಾಯಿತು. ಫೈನಲ್ಲಿನಲ್ಲಿ ರಾಮನಿಗೆ ಇಲೈಸನನ್ನು ದಾಟಿ ಬರಲು ಒಮ್ಮೆಯೂ ಆಗಲಿಲ್ಲ. ಕೊನೆಗೆ ರಾಮ ಬಂದು ಅವನ ಹೆಗಲ ಮೇಲೆ ಕೈ ಹಾಕಿ, "ನೀನು ಯಾವಾಗ ಊರಿಗೆ ಹೋಗ್ತೆ?" ಎಂದು ಕೇಳಿದ. ಇಬ್ಬರೂ ನಕ್ಕರು.

ಎಂಬತ್ತೈದರಲ್ಲಿ ಇಲೈಸ ಡಿಗ್ರಿ ಮುಗಿಸಿ ಹೊರಟ. ಆಮೇಲೆ ಮೂರು ವರ್ಷ ಸುದ್ದಿ ಇರಲಿಲ್ಲ. ಒಂದು ಬೆಳಿಗ್ಗೆ ಬಂದರಿನ ಮಂಜುಗಡ್ಡೆ ಕಾರ್ಖಾನೆಯ ಟೆಲಿಫೋನಿಗೆ ನನ್ನನ್ನು ಕರೆದರು.

"ದೇವು, ನನ್ನ ದೇಶದ ತಂಡಕ್ಕೆ ಆಡಿದೆ. ಗೆದ್ದೆವು" ಎಂದಿತು ಆ ಕಡೆಯ ದನಿ. ಕನ್ನಡ ಮರೆತಿರಲಿಲ್ಲ. ನಾನು ಯಾರ ಮೇಲೆ, ಎಷ್ಟು ಗೋಲು, ಗೋಲಿ ಹೇಗಿದ್ದ ಎಂದೆಲ್ಲ ಕೇಳುತ್ತಿದ್ದಂತೆ ಲೈನ್ ಕಡಿದುಹೋಯಿತು.

ನೇರ ಮೀನುಪೇಟೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಬಂಗಡೆಯ ಮೇಲಿನ ನೊಣ ಓಡಿಸುತ್ತ ಕೇಳಿಸಿಕೊಂಡಳು.

"ಮದಿ ಆತಂತಾ ಅವಂಗೆ?"

"ಮದುವೆ ವಿಷಯ ಕೇಳ್ಲಿಲ್ಲ ಅಮ್ಮ."

"ಬ್ಯಾರೆ ಎಂತ ಕೇಳ್ದೆ ಹಾಂಗಾರೆ?" ಎಂದಳು. ಮತ್ತೆ ಪಕ್ಕದವಳ ಕಡೆ ತಿರುಗಿ, ನಮ್ಮ ಇಲೈಸ ದೇಶಕ್ಕೇ ಆಡಿದನಂತೆ ಎಂದು, ಪೇಟೆಗೆಲ್ಲ ಕೇಳುವ ಹಾಗೆ ಹೇಳತೊಡಗಿದಳು.