ಸದ್ದಿಲ್ಲದ ಜನರೇಟರ್

ಕಮಲವ್ವನವರ ಷರತ್ತು ಒಂದೇ: ಜನರೇಟರ್ ತಂದರೆ ತರಲಿ, ಅದರ ಸದ್ದು ಪಕ್ಕದ ಮನೆಯವರ ಕಿವಿಗೆ ಬೀಳಬಾರದು.

"ನಾ ಉಸಿರಾಡೂದು ಓಣಿಗೆಲ್ಲ ಡಂಗುರ ಸಾರಬೇಕೇನ್ರಿ?" ಎಂದಿದ್ದರು.

ಗುರುಶಾಂತಪ್ಪನವರು ಹೆಂಡತಿಯೊಡನೆ ವಾದಿಸಲಿಲ್ಲ. ವಾದಿಸಿದರೆ ಆಕೆಗೆ ಏದುಸಿರು ಬರುತ್ತಿತ್ತು; ಅದನ್ನು ಆಕೆ ಚೆನ್ನಾಗಿ ಬಳಸಿಕೊಳ್ಳುತ್ತಲೂ ಇದ್ದರು. ಕಲಬುರಗಿ ಬಿಟ್ಟು ಕಲ್ಯಾಣ ನಗರದಲ್ಲಿ ಮನೆ ಮಾಡಿ ಇಪ್ಪತ್ತು ವರ್ಷ. ಈಚಿನ ಎರಡು ವರ್ಷ ಕಮಲವ್ವನವರಿಗೆ ಆಕ್ಸಿಜನ್ ಯಂತ್ರವೇ ಆಸರೆ. ನೆರೆಯವರಿಗೆ ಅದು ತಿಳಿಯದಂತೆ ಕಾಯ್ದುಕೊಂಡಿದ್ದರು. ಕಳೆದ ವಾರ ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಯುಪಿಎಸ್ ಮೂರೇ ಗಂಟೆಯಲ್ಲಿ ಕೈಚೆಲ್ಲಿತು. ದೊಮ್ಮಲೂರಿನಿಂದ ಸಿಲಿಂಡರ್ ಬರುವಷ್ಟರಲ್ಲಿ ಆಕೆಯ ತುಟಿ ನೀಲಿಗಟ್ಟಿತ್ತು. ಶಿವಪೂಜೆಗೆ ಕೂತು ಕಣ್ಣು ಮುಚ್ಚಿದರೂ ಗುರುಶಾಂತಪ್ಪನವರಿಗೆ ಆ ನೀಲಿಯೇ ಕಾಣುತ್ತಿತ್ತು.

ಶುಕ್ರವಾರ ಮಗಳನ್ನು ಮನೆಯಲ್ಲಿ ಕೂರಿಸಿ ಶಿವಾಜಿನಗರಕ್ಕೆ ಹೊರಟರು. ಅಂಗಡಿಯ ಹಾಶಿಮ್ ಒಂದು ಜನರೇಟರನ್ನು ಹೊರಗೆ ಫುಟ್‌ಪಾತಿಗೆ ತಂದು ಹಗ್ಗ ಜಗ್ಗಿದರು.

"ಚಾಲೂ ಮಾಡ್ರಿ."

"ಆನಲ್ಲೇ ಇದೆ ಸಾಬ್. ಕೈಯಿಟ್ಟು ನೋಡಿ."

ಕೈಯಿಟ್ಟರು. ಹಲ್ಲುಸೆಟ್ಟು ಸಮೇತ ಮೈಯೆಲ್ಲ ನಡುಗಿತು. ಸದ್ದು ಮಾತ್ರ ಇಲ್ಲ. ಬಸ್ಸಿನ ಹಾರ್ನು, ತಳ್ಳುಗಾಡಿಗಳ ಕೂಗು, ಎದುರಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಕಿರ್ರೆಂಬ ಸದ್ದು, ಇವುಗಳ ನಡುವೆ ಅದು ಮೌನವ್ರತದಲ್ಲಿತ್ತು. ಮನೆಗೆ ಫೋನು ಹಚ್ಚಿ ಅದರ ಮುಂದೆ ಹಿಡಿದರು.

"ಬರೀ ಹಾರ್ನ ಕೇಳಸ್ತಾವ. ತಗೋರಿ" ಎಂದು ಕಮಲವ್ವ ಅಪ್ಪಣೆ ಕೊಟ್ಟರು.

"ಇಲ್ಲಿ ಕೇಳಿ ನಂಬ್ಬೇಡಿ ಸಾಬ್," ಎಂದರು ಹಾಶಿಮ್. "ಮನೇಲಿ ಇದೇ ಗುಡುಗುತ್ತೆ. ಆ ಮೂಲೇಲಿದೆಯಲ್ಲ, ಡಬ್ಬಿ ಮುಚ್ಚಿದ್ದು, ಅದು ಮೆತ್ತಗೆ. ಆದ್ರೂ ಸದ್ದೇ ಇಲ್ದಿರೋ ಜನರೇಟರ್ ನಾನಂತೂ ನೋಡಿಲ್ಲ."

ದುಬಾರಿ ಮಾಲು ದಾಟಿಸುವ ಉಪಾಯವಿದೆಂದು ಗುರುಶಾಂತಪ್ಪನವರು ಮುಗುಳ್ನಕ್ಕರು. ಅಷ್ಟರಲ್ಲಿ ಆಜಾನ್ ಕೇಳಿತು.

"ಜುಮ್ಮಾ ನಮಾಜ್ ಮುಗಿಸ್ಕೊಂಡ್ ಬಂದ್ಬಿಡ್ತೀನಿ. ಅಲ್ಲೀವರೆಗೂ ಅಂಗಡಿ ಸ್ವಲ್ಪ ನೋಡ್ಕೊಳ್ತೀರಾ?"

"ದೇವರ ಕೆಲಸ. ಹೋಗಿ ಬರ್ರಿ."

ಜನರೇಟರ್ ನಿಲ್ಲಿಸುವುದು ಇಬ್ಬರಿಗೂ ಹೊಳೆಯಲಿಲ್ಲ. ಕೇಳಿಸಿದರೆ ತಾನೆ?

ಒಂದೊಂದಾಗಿ ಶಟರುಗಳು ಇಳಿದವು. ಕಬ್ಬಿಣದ ಸದ್ದು ನಿಂತಿತು. ಮಸೀದಿಯಲ್ಲಿ ಜಾಗ ಸಾಲದೆ ಚಾಪೆಗಳು ಅಂಗಡಿಯ ಸಮೀಪದವರೆಗೂ ಹಾಸಿಕೊಂಡವು. ಬೀದಿ ಶಾಂತವಾದಂತೆ ಎಲ್ಲಿಂದಲೋ ಹಿಟ್ಟಿನ ಗಿರಣಿಯ ಸದ್ದು ಏಳತೊಡಗಿತು. ಪ್ರಾರ್ಥನೆಯ ವೇಳೆಯಲ್ಲಿ ಗಿರಣಿ ಹಚ್ಚಿದವನು ಎಂಥ ನಾಸ್ತಿಕನೋ ಎಂದು ಗುರುಶಾಂತಪ್ಪನವರು ಸಿಟ್ಟಿನಿಂದ ಅತ್ತಿತ್ತ ನೋಡಿದರು. ಕೊನೆಗೆ ಕಣ್ಣು ಎದುರಿಗೆ ನಡುಗುತ್ತಿದ್ದ ಯಂತ್ರದ ಮೇಲೆ ಬಿತ್ತು.

ಧಾವಿಸಿ ಒಂದು ಸನ್ನೆಕೋಲು ಎಳೆದರು, ಸದ್ದು ಇಮ್ಮಡಿಯಾಯಿತು. ಅದನ್ನು ಬಿಟ್ಟು ಪೆಟ್ರೋಲಿನ ನಲ್ಲಿ ತಿರುಗಿಸಿ ಮುಚ್ಚಿದರು. ಒಳಗಿದ್ದುದನ್ನು ಕುಡಿದು ಮುಗಿಸುವವರೆಗೂ ಅದು ಗುಡುಗಿತು. ಅಷ್ಟು ಹೊತ್ತೂ ಅವರು ಕೈಮುಗಿದು "ಶಿವಶಿವಾ" ಎನ್ನುತ್ತ ನಿಂತಿದ್ದರು. ಸಾಲಿನಲ್ಲಿದ್ದ ಒಬ್ಬರೂ ತಿರುಗಿ ನೋಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ನಮಾಜು ಮುಗಿದ ಮೇಲೆ ಕೊನೆಯ ಸಾಲಿನ ಮುದುಕರೊಬ್ಬರು ಚಾಪೆ ಸುತ್ತುತ್ತ ಬಂದರು. ಜೊತೆಗೆ ಹಾಶಿಮ್, ಇನ್ನೂ ಏಳೆಂಟು ಮಂದಿ.

"ಮದ್ವೆ ಮನೇಗಾ ಸಾಬ್, ಇಷ್ಟು ಜೋರಿಂದು?" ಎಂದರು ಮುದುಕರು.

ನಾಚಿಕೆಯಲ್ಲಿ ಗುರುಶಾಂತಪ್ಪನವರ ಬಾಯಿಂದ ಎಲ್ಲವೂ ಬಂದುಬಿಟ್ಟಿತು: ಹೆಂಡತಿ, ಉಸಿರು, ನೀಲಿ ತುಟಿ. ಎರಡು ವರ್ಷದಲ್ಲಿ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

"ಅಮ್ಮನ ಹೆಸ್ರೇನು?"

"ಕಮಲವ್ವ."

ಅವರೆಲ್ಲ ನಿಂತಲ್ಲೇ ಪ್ರಾರ್ಥನೆಗೆ ಕೈಯೆತ್ತಿದರು. ಅರ್ಥವಾಗದ ಮಾತುಗಳ ನಡುವೆ ಆ ಒಂದು ಹೆಸರು ಸ್ಪಷ್ಟವಾಗಿ ಕೇಳಿತು.

ಮನೆಗೆ ಫೋನು ಹಚ್ಚಿದ ಗುರುಶಾಂತಪ್ಪನವರು ಏನನ್ನೂ ಮುಚ್ಚಿಡಲಿಲ್ಲ, ಮೂಲೆಯಲ್ಲಿದ್ದ ಡಬ್ಬಿ ಮುಚ್ಚಿದ ಜನರೇಟರಿನ ಮಾತನ್ನೂ.

"ಎಷ್ಟ್ ಮಂದಿ ಇದ್ರು?" ಎಂದರು ಕಮಲವ್ವ.

"ಹತ್ತರ ತನಕ ಇದ್ದಾರು."

"ಎಲ್ಲಾರೂ ನನ್ನ ಹೆಸರ ಅಂದ್ರ?"

"ಅಂದ್ರು."

"ಶಿವಾಜಿನಗರಕ್ಕ ಗೊತ್ತಾದ ಮ್ಯಾಲ ಪಕ್ಕದ ಮನಿ ರಶ್ಮಿಗೆ ಗೊತ್ತಾದ್ರೇನು ಬಿಡ್ರಿ. ಆ ಡಬ್ಬಿ ಮುಚ್ಚಿದ್ದ ತಗೊಂಡ ಬರ್ರಿ. ಸದ್ದ ಕೇಳಿ ಗಾಬರಿ ಆಗಬ್ಯಾಡ ಅಂತ ಆಕಿನ್ನ ಕರದು ನಾನ ಹೇಳ್ತೀನಿ."