ನೀರಿಗಿಳಿದ ಅಂತರಿಕ್ಷ ನೌಕೆ

2025ರ ಮಾರ್ಚ್ 6, ಗುರುವಾರ, ಮಧ್ಯಾಹ್ನ 3 ಗಂಟೆ 20 ನಿಮಿಷ. ಉದ್ಯಾವರ ಹೊಳೆಯ ಬದಿಯಲ್ಲಿ, ದೋಣಿ ಕಟ್ಟುವ ಶೆಡ್ಡಿನ ಎದುರು, ಚೈತಾಲಿ ಪೆಟ್ರೋಲ್ ಕ್ಯಾನ್ ಹಿಡಿದು ನಿಂತಿದ್ದಳು. ಅವಳಿಗೂ ಅಂತರಿಕ್ಷ ನೌಕೆಗೂ ನಡುವೆ ದೇವದಾಸಣ್ಣ ನಿಂತಿದ್ದರು.

"ದೇವಣ್ಣ, ಸ್ವಲ್ಪ ಬದಿಗೆ ಬನ್ನಿ."

"ನೀನು ಮೊದಲು ಆ ಕ್ಯಾನ್ ಕೆಳಗಿಡು. ಬದಿಗೆ ಬರುವ ವಿಷಯ ಆಮೇಲೆ ಮಾತಾಡುವ."

ಉಡುಪಿಯ ಒಂದು ಕೇಬಲ್ ಚಾನೆಲಿನಲ್ಲಿ ಎರಡು ವರ್ಷಗಳಿಂದ ಪ್ರತಿ ಭಾನುವಾರ ಬರುತ್ತಿದ್ದ ವಿಜ್ಞಾನ ಧಾರಾವಾಹಿ 'ಒಂಬತ್ತನೆಯ ಕಕ್ಷೆ'. ಭೂಮಿಯಿಂದ ಹೊರಟು ದಾರಿ ತಪ್ಪಿದ ಆರು ಜನರ ಕಥೆ. ಚೈತಾಲಿ ಅದರ ನಿರ್ದೇಶಕಿ, ಇನ್ನಂಜೆಯ ಹುಡುಗಿ. ಕಾರ್ಕಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಅದರ ವಿಜ್ಞಾನ ಸಲಹೆಗಾರ್ತಿ. ಕಾರ್ಕಳದ ಬೋಳು ಬಂಡೆಗಳು ನಮಗೆ ಮೂರು ಬೇರೆ ಬೇರೆ ಗ್ರಹಗಳಾಗಿದ್ದವು. ನೌಕೆಯನ್ನು ಮಾಡಿಕೊಟ್ಟವರು ಈ ಶೆಡ್ಡಿನ ಯಜಮಾನ ದೇವದಾಸಣ್ಣ. ಮೀನುಗಾರಿಕೆಯ ಫೈಬರ್ ದೋಣಿಯ ಅಚ್ಚಿನಲ್ಲಿ ಎರಡು ಒಡಲು ತೆಗೆದು, ಒಂದರ ಮೇಲೆ ಇನ್ನೊಂದನ್ನು ಕವುಚಿ, ಬೆಳ್ಳಿ ಬಣ್ಣ ಬಳಿದಿದ್ದರು.

ಕೊನೆಯ ಸಂಚಿಕೆ ಮರುದಿನ ಮಧ್ಯಾಹ್ನದೊಳಗೆ ಚಾನೆಲಿಗೆ ತಲುಪಬೇಕಿತ್ತು. ತಲುಪದಿದ್ದರೆ ಕಾಪು ದೀಪಸ್ತಂಭದ ಚಿತ್ರದ ಮೇಲೆ 'ಧಾರಾವಾಹಿ ಇಲ್ಲಿಗೆ ಮುಗಿಯಿತು' ಎಂದು ಬರೆದು ತೋರಿಸುತ್ತೇವೆ ಎಂದು ಚಾನೆಲಿನವರು ಹೇಳಿದ್ದರು. ಆರು ಜನ ಮನೆಗೆ ಬಂದರೋ ಇಲ್ಲವೋ ಎಂದು ಎರಡು ವರ್ಷ ಕಾದವರಿಗೆ ಅದೇ ಉತ್ತರ. ಆ ಮಾತು ಬಂದ ದಿನದಿಂದ ಚೈತಾಲಿ ಸರಿಯಾಗಿ ಊಟ ಮಾಡಿರಲಿಲ್ಲ. ಅವಳು ಬರೆದಿದ್ದ ಕೊನೆಯಲ್ಲಿ ಐವರು ಪಾರಾಗಿ, ಕ್ಯಾಪ್ಟನ್ ನೌಕೆಯೊಂದಿಗೆ ಉರಿದುಹೋಗುತ್ತಾನೆ.

"ನೀರು ಮುಟ್ಟದ ದೋಣಿಗೆ ಯಾರಾದ್ರೂ ಬೆಂಕಿ ಕೊಡ್ತಾರಾ ಟೀಚರ್? ನೀವೇ ಹೇಳಿ," ಎಂದರು ದೇವದಾಸಣ್ಣ.

"ಇದು ದೋಣಿ ಅಲ್ಲ ದೇವಣ್ಣ!"

"ನನ್ನ ಅಚ್ಚಿನಿಂದ ಹೊರಗೆ ಬಂದದ್ದು ನಿನಗೆ ಎಂತ ಬೇಕಾದ್ರೂ ಆಗ್ಲಿ. ಕಾಯಿ ಒಡೆದು ನೀರಿಗೆ ಇಳಿಸದೆ ಒಂದನ್ನೂ ನಾನು ಈ ಶೆಡ್ಡಿನಿಂದ ಕಳಿಸಿದವನಲ್ಲ. ಇದೊಂದು ಎರಡು ವರ್ಷದಿಂದ ಒಣಗಿಕೊಂಡು ಉಂಟು. ಈಗ ಸುಡುವುದಂತೆ!"

ಫೈಬರ್ ಸುಟ್ಟ ಹೊಗೆ ಉಸಿರಿಗೆ ಕೆಟ್ಟದ್ದು ಎಂದು ನಾನೂ ಹೇಳಿದ್ದೆ. ಗಾಳಿ ಹೊಳೆಯ ಕಡೆಗೆ ಬೀಸುತ್ತದೆ ಎಂದು ಚೈತಾಲಿ ವಾದಿಸಿದ್ದಳು. ಮಧ್ಯಾಹ್ನದ ಮೇಲೆ ಅದು ಊರಿನ ಕಡೆಗೇ ಬೀಸುತ್ತದೆ. ಈಗ ನನಗೆ ಇನ್ನೊಂದು ಯೋಚನೆ ಬಂತು.

"ಚೈತಾಲಿ, ಅಂತರಿಕ್ಷದಿಂದ ನಿಜವಾಗಿ ಬರುವವರು ಎಷ್ಟೋ ಸಲ ಸಮುದ್ರಕ್ಕೇ ಇಳಿಯುತ್ತಾರೆ. ಕ್ಯಾಪ್ಟನ್ ಉಳಿದ ಐವರನ್ನೂ ಕರೆದುಕೊಂಡು ಭೂಮಿಗೆ ಬಂದರೆ ಎಂತ ತೊಂದರೆ?"

ಅವಳು ಹೊಳೆಯನ್ನು ನೋಡಿದಳು. ಭರತದ ನೀರು ಏರುತ್ತಿತ್ತು. ಕ್ಯಾನ್ ಕೆಳಗಿಟ್ಟಳು.

ಬೇಸರವಾದದ್ದು ಕ್ಯಾಪ್ಟನ್‌ಗೆ. ಬ್ಯಾಂಕಿನಿಂದ ನಿವೃತ್ತರಾದ ಪೀಟರ್ ಅಂಕಲ್ ಬೆಳ್ಳಿ ಉಡುಪು ತೊಟ್ಟು ನೆರಳಿನಲ್ಲಿ ಕೂತಿದ್ದರು. ಆ ಉಡುಪು ಹೊಲಿದ ಅವರ ಹೆಂಡತಿ ಡುಲ್ಸಿನ್ ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದರು.

"ಹಾಗಾದರೆ ನಾನು ಸಾಯುವುದಿಲ್ಲವಾ? ಒಂದು ವಾರದಿಂದ ಕನ್ನಡಿ ಎದುರು ನಿಂತು ಸತ್ತಿದ್ದೇನೆ ಮಾರಾಯ್ತಿ."

"ಬದುಕಿದ್ದಕ್ಕೆ ಬೇಸರವಾ ನಿಮಗೆ?" ಎಂದರು ಡುಲ್ಸಿನ್ ಆಂಟಿ. "ಟಿವಿಯಲ್ಲಿ ಪಪ್ಪನನ್ನು ಸುಟ್ಟರೆ ನೋಡುವುದೇ ಇಲ್ಲ ಅಂತ ದುಬೈಯಿಂದ ಮೆಲಿಷಾ ಫೋನು ಮಾಡಿದ್ದಾಳೆ. ಸುಮ್ಮನೆ ಬದುಕಿ."

ಕೆಲಸ ಶುರುವಾಯಿತು. ನೀರಿನ ಹತ್ತಿರ ವಿದ್ಯುತ್ ಬೇಡವೆಂದು ನಾನು ನೌಕೆಯ ಬ್ಯಾಟರಿ, ವಯರು, ದೀಪಗಳನ್ನೆಲ್ಲ ನಿಂತು ಕಳಚಿಸಿದೆ. ಉಡುಪಿನೊಳಗೆ ಪೀಟರ್ ಅಂಕಲ್‌ಗೆ ಲೈಫ್ ಜಾಕೆಟ್ ಹಾಕಿಸಿದೆ. ಹಿಂಬದಿಗೆ ಉದ್ದ ಹಗ್ಗ ಕಟ್ಟಿಸಿದೆ. ದೇವದಾಸಣ್ಣ ನೌಕೆಯ ಮೂತಿಗೆ ಹೂವು ಸುತ್ತಿ, ಊದುಬತ್ತಿ ಹಚ್ಚಿ, ಕಾಯಿ ಒಡೆದರು. ಪೀಟರ್ ಅಂಕಲ್ ಶಿಲುಬೆಯ ಗುರುತು ಮಾಡಿಕೊಂಡು ಹಿಂಬದಿಯ ಕಿಂಡಿಯಿಂದ ಒಳಗಿಳಿದರು. ಉಳಿದ ಐವರು ಒಳಗೇ ಇದ್ದಾರೆಂದು ನೋಡುವವರು ಅಂದುಕೊಳ್ಳಬೇಕು. ಶೆಡ್ಡಿನವರೆಲ್ಲ ಸೇರಿ ಒಂದೇ ಕೂಗಿಗೆ ನೂಕಿದಾಗ ನೌಕೆ ಜಾರಿ ಹೊಳೆಗಿಳಿದು, ಒಮ್ಮೆ ಓಲಾಡಿ, ತೇಲಿತು.

"ನೋಡಿ ಟೀಚರ್, ಹೇಗೆ ಕೂತಿದೆ!" ದೇವದಾಸಣ್ಣನ ಮುಖ ಅರಳಿತು.

ಸೂರ್ಯ ತೆಂಗಿನ ತಲೆಗಳ ಮಟ್ಟಕ್ಕೆ ಇಳಿದಿದ್ದ. ಎರಡನೆಯ ಸಲ ತೆಗೆಯಲು ಬೆಳಕು ಉಳಿಯುವಂತಿರಲಿಲ್ಲ. ಕ್ಯಾಪ್ಟನ್ ಕಿಂಡಿಯಲ್ಲಿ ನೆಟ್ಟಗೆ ನಿಂತು, ಸೆಲ್ಯೂಟ್ ಹೊಡೆದು ಮಾತಾಡಬೇಕು. ಕ್ಯಾಮೆರಾದ ಪ್ರಖ್ಯಾತ್ ಕೈ ಎತ್ತಿದ. ಪೀಟರ್ ಅಂಕಲ್ ನಿಂತರು. ಒಮ್ಮೆ ಕಾಲಿನ ಕಡೆ ನೋಡಿದರು. ಆಮೇಲೆ ನಿಧಾನವಾಗಿ, ಬಹಳ ಗಂಭೀರವಾಗಿ, ಕೂತುಬಿಟ್ಟರು. ಕಿಂಡಿಯ ಮೇಲೆ ಅವರ ತಲೆ, ಭುಜ ಮಾತ್ರ ಕಾಣುತ್ತಿತ್ತು.

"ಅಯ್ಯೋ, ನಿಲ್ಲಿ ಅಂತ ಅಷ್ಟು ಹೇಳಿದ್ದೆ," ಚೈತಾಲಿ ಪಿಸುಗುಟ್ಟಿದಳು.

ದೇವದಾಸಣ್ಣ ನನ್ನ ಕಡೆ ತಿರುಗಿದರು. "ಟೀಚರ್, ಹಿಂದೆ ಇದ್ದ ಆ ಕೆಂಪು ದೀಪ ಎಲ್ಲಿ?"

"ತೆಗೆಸಿದೆ."

ಅವರು ತಲೆಗೆ ಕೈಯಿಟ್ಟುಕೊಂಡರು. ಅವರ ಹುಡುಗರು ಪ್ರತಿ ದೋಣಿಗೂ ಪ್ರೊಪೆಲ್ಲರಿನ ಶಾಫ್ಟ್ ಹೋಗಲು ಹಿಂದೆ ಒಂದು ತೂತು ಕೊರೆಯುತ್ತಾರೆ. ಅಭ್ಯಾಸಬಲದಿಂದ ಅಂತರಿಕ್ಷ ನೌಕೆಗೂ ಕೊರೆದಿದ್ದರು. ಎರಡು ವರ್ಷ ಆ ತೂತನ್ನು ಮುಚ್ಚಿದ್ದದ್ದು, ಎಂಜಿನ್ನಿನ ಜ್ವಾಲೆಯೆಂದು ನಾವು ತೋರಿಸುತ್ತಿದ್ದ ಕೆಂಪು ದೀಪ.

"ಎಳೆಯುವುದಾ?" ಅವರು ಹಗ್ಗ ಹಿಡಿದರು.

ಚೈತಾಲಿ ನೌಕೆಯನ್ನು ನೋಡಿದಳು, ಸೂರ್ಯನನ್ನು ನೋಡಿದಳು. "ಎಳೆಯಿರಿ ದೇವಣ್ಣ. ಸಾಕು. ಅಂಕಲ್ ಮೊದಲು."

ಅಷ್ಟರಲ್ಲಿ ಪೀಟರ್ ಅಂಕಲ್ ನಮ್ಮ ಕಡೆ ಅಂಗೈ ತೋರಿಸಿದರು. ತಡೆಯಿರಿ ಎಂಬಂತೆ. ಅದೇ ಕೈಯನ್ನು ಹಣೆಗೆ ಒಯ್ದು ಸೆಲ್ಯೂಟ್ ಹೊಡೆದರು. ಗದ್ದ ಅದುರುತ್ತಿತ್ತು, ಕಣ್ಣು ಅಗಲವಾಗಿತ್ತು.

"ಭೂಮಿಯೇ, ಆರು ಜನ ಹೋಗಿದ್ದೆವು. ಆರು ಜನ ಬಂದಿದ್ದೇವೆ. ಬಾಗಿಲು ತೆರೆಯಿರಿ." ಒಂದು ಕ್ಷಣ ಬಿಟ್ಟು, ಬರೆದುಕೊಡದ ಮಾತೊಂದನ್ನು ಸೇರಿಸಿದರು: "ಸ್ವಲ್ಪ ಬೇಗ ತೆರೆಯಿರಿ."

ಪ್ರಖ್ಯಾತ್ ಹೆಬ್ಬೆರಳು ಎತ್ತಿದ. ಎಲ್ಲರೂ ಸೇರಿ ಹಗ್ಗ ಎಳೆದೆವು.

ದಡಕ್ಕೆ ಬಂದ ಪೀಟರ್ ಅಂಕಲ್ ಎದ್ದು ನಿಂತಾಗ ಉಡುಪಿನ ಹಿಂಭಾಗದಿಂದ ನೀರು ಸುರಿಯಿತು. "ಕ್ಯಾಪ್ಟನ್ ಕೂತದ್ದು ದಣಿವಾಗಿ ಅಲ್ಲ. ತೂತಿನ ಮೇಲೆ ಕೂತದ್ದು. ಆದರೂ ಬದಿಯಿಂದ ಬರುತ್ತಾ ಇತ್ತು. ಎಂತ ತಣ್ಣಗೆ ಮಾರಾಯ್ರೆ!"

"ನಾನು ಹೊಲಿದ ಬಟ್ಟೆ ಹಾಳು," ಎಂದು ಬೈಯುತ್ತಲೇ ಡುಲ್ಸಿನ್ ಆಂಟಿ ಅವರ ತಲೆ ಒರೆಸಿದರು. ಚೈತಾಲಿ ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ದೃಶ್ಯವನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ನಕ್ಕಳು, ಗೋಳಿಬಜೆಯ ಪೊಟ್ಟಣ ಕೇಳಿದಳು, ಒಬ್ಬಳೇ ಅರ್ಧ ಮುಗಿಸಿದಳು.

ಸಂಚಿಕೆ ಮರುದಿನ ಹೊತ್ತಿಗೆ ಸರಿಯಾಗಿ ತಲುಪಿತು. ಭಾನುವಾರ ಎಲ್ಲರೂ ನೋಡಿದರು. ಸೋಮವಾರ ಕಾಲೇಜಿನ ವರಾಂಡದಲ್ಲಿ ಡೆನ್ವರ್ ಎಂಬ ವಿದ್ಯಾರ್ಥಿ ನನ್ನನ್ನು ನಿಲ್ಲಿಸಿದ.

"ಮಿಸ್, ಕ್ಯಾಪ್ಟನ್ ಭೂಮಿಗೆ ಬಂದ ಕೂಡಲೇ ಕೂತದ್ದು ಸೂಪರ್. ಅಷ್ಟು ಕಾಲ ತೂಕವಿಲ್ಲದೆ ಇದ್ದವರ ಕಾಲಿಗೆ ನಿಲ್ಲುವ ಶಕ್ತಿ ಇರುವುದಿಲ್ಲ, ಅಲ್ವಾ? ಮುಖದಲ್ಲಿ ಆ ಸಂಕಟ ಎಷ್ಟು ಸರಿಯಾಗಿ ತೋರಿಸಿದ್ದಾರೆ! ಅದು ನೀವು ಹೇಳಿಕೊಟ್ಟದ್ದಾ?"

ಹೌದೆನ್ನಲು ಬಹಳ ಆಸೆಯಾಯಿತು. ಆದರೆ ಭೌತಶಾಸ್ತ್ರ ಕಲಿಸುವವಳು ಅಳತೆಯಿದ್ದೂ ಸುಳ್ಳು ಹೇಳಬಾರದು. ತೂತಿನ ಕಥೆಯನ್ನೆಲ್ಲ ಹೇಳಿದೆ. ಅವನು ಗೋಡೆಗೆ ಒರಗಿ ನಕ್ಕು, ಎಷ್ಟು ನೀರು ಬಂದಿತ್ತು ಎಂದು ಕೇಳಿದ. ನೌಕೆಯನ್ನು ದಡಕ್ಕೆ ಎಳೆದ ಕೂಡಲೇ ಸ್ಟೀಲ್ ಸ್ಕೇಲ್ ಇಳಿಸಿ ನಾನೇ ನೋಡಿದ್ದೆ. ಒಳಗೆ ನಿಂತಿದ್ದ ನೀರಿನ ಆಳ ಹನ್ನೊಂದೂವರೆ ಸೆಂಟಿಮೀಟರ್.