ಹತ್ತು ದಿನದ ಗೀಟು

ನನ್ನ ಲೆಕ್ಕ ತಪ್ಪುವುದಿಲ್ಲ ಎಂದು ಆಗೆಲ್ಲ ಎದೆ ತಟ್ಟಿ ಹೇಳುತ್ತಿದ್ದೆ. ಹೇಳದೆ ಏನು? 1999ರಲ್ಲಿ ಹಾಸನದ ನಮ್ಮ ಕಚೇರಿಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನೊಬ್ಬಳೇ. ಎಂಜಿನಿಯರ್ ರಂಗಸ್ವಾಮಿಯವರು ಅಂಕಿ ಕಂಡರೆ ಸಾಕು, "ಶರ್ವಾಣಿ, ನೋಡಮ್ಮ" ಎಂದು ಫೈಲನ್ನು ನನ್ನ ಮೇಜಿಗೆ ತಳ್ಳುತ್ತಿದ್ದರು.

ಆ ವರ್ಷದ ಕೆಲಸ ದುರಸ್ತಿ ಮಾಡಬೇಕಾದ ಕೆರೆಗಳ ಪಟ್ಟಿಯದ್ದು. ಸರಾಸರಿಗಿಂತ ಕಾಲು ಭಾಗ ಕಡಿಮೆ ಮಳೆ ಬಂದರೆ ಅದು ಒಣ ವರ್ಷ, ಕಾಲು ಭಾಗ ಹೆಚ್ಚು ಬಂದರೆ ಹಸಿ ವರ್ಷ. ಹದಿನೈದು ವರ್ಷಗಳಲ್ಲಿ ಐದು ಒಣ ವರ್ಷವಾದರೆ ಆ ಊರಿನ ಕೆರೆಗೆ ದುರಸ್ತಿ ಇಲ್ಲ. ತುಂಬದ ಕೆರೆಗೆ ಏರಿ ಕಟ್ಟಿ ಏನು ಬಂತು ಎಂಬುದು ಮೇಲಿನವರ ವಾದ. ಕೊಣನೂರಿನ ಈಚೆಯ ಒಂದು ಊರಿಗೆ ಸರಿಯಾಗಿ ಐದು ಒಣ ವರ್ಷ ಬಂತು. ಹೆಸರು ಹೊಡೆದುಹಾಕಿ ಚಹಾ ಕುಡಿಯಲು ಹೋದೆ.

ಮೂರನೇ ದಿನ ಆ ಊರಿನ ಪಂಚಾಯ್ತಿ ಅಧ್ಯಕ್ಷೆ ಲಕ್ಕಮ್ಮ ಬಂದು ನನ್ನೆದುರಿನ ಕುರ್ಚಿ ಎಳೆದುಕೊಂಡು ಕೂತರು.

"ತೊಂಬತ್ತೆರಡನೇ ಇಸ್ವಿ ಒಣ ವರ್ಸ ಅಂತ ಬರ್ದೋರು ಯಾರು ಮೇಡಮ್ಮೋರೇ?"

"ನಾನೇ. ಅಂಕಿ ಹಾಗೆ ಹೇಳುತ್ತೆ."

"ಆ ವರ್ಸ ನಮ್ ಕೆರೆ ಮೂರ್ ದಿನ ಕೋಡಿ ಬಿದ್ದಿತ್ತು. ನಮ್ ಮೊಮ್ಮಗಳು ಸಿಂಧು ಉಟ್ಟಿದ್ದು ಆವಾಗ್ಲೇ. ಅಳ್ಳ ದಾಟಕ್ಕಾಗ್ದೆ ಸೂಲಗಿತ್ತಿ ಆಚೆ ದಡದಾಗೇ ಉಳ್ಕೊಂಬುಟ್ಳು, ನಾನೇ ಎರಿಗೆ ಮಾಡಿಸ್ದೆ. ಅಂಕಿಗೇನ್ ಗೊತ್ತು? ಈ ಮಳೆಗಾಲ್ದಾಗೆ ಏರಿ ನಿಲ್ಲಾಕಿಲ್ಲ. ಒಡೆದ್ರೆ ಕೆಳಗಿನ್ ಗದ್ದೆ ಪೂರಾ ಕೊಚ್ಕೊಂಡೋಯ್ತದೆ."

ಸಿಟ್ಟು ನೆತ್ತಿಗೇರಿತು. ನೆನಪನ್ನು ನಂಬಿ ಲೆಕ್ಕ ಮಾಡಲಾಗುತ್ತದೆಯೇ? ಇವರ ಬಾಯಿ ಮುಚ್ಚಿಸಬೇಕೆಂದೇ ಕೊಣನೂರು, ಅರಕಲಗೂಡುಗಳ ಅದೇ ವರ್ಷದ ಮಳೆ ತೆಗೆದು ನೋಡಿದೆ. ಎರಡೂ ಕಡೆ ಒಳ್ಳೆಯ ಮಳೆ. ನಡುವಿನ ಈ ಊರೊಂದೇ ಒಣಗಿತ್ತು. ತೊಂಬತ್ತರಲ್ಲೂ ಹಾಗೇ, ತೊಂಬತ್ತನಾಲ್ಕರಲ್ಲೂ ಹಾಗೇ.

ಮರುದಿನ ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದೆ. ಮಳೆಮಾಪಕ ಇದ್ದದ್ದು ದೇವಸ್ಥಾನದ ಅಂಗಳದಲ್ಲಿ. ಅರ್ಚಕರಾದ ಯೋಗಾನರಸಿಂಹ ಅವರು ದಿನಾ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಪುಸ್ತಕ ತೆಗೆಸಿದೆ. ತೊಂಬತ್ತೆರಡರ ಜುಲೈನಲ್ಲಿ ಅಂಕಿಯಿಲ್ಲದೆ ಬರೀ ಗೀಟು. ಹತ್ತು ಗೀಟು. ಆಗಸ್ಟಿನಲ್ಲಿ ಮತ್ತೆ ಹತ್ತು.

"ಇದೇನು ಸ್ವಾಮಿ?"

"ಸೂತಕ ಕಣಮ್ಮ. ಜುಲೈನಲ್ಲಿ ದೊಡ್ಡಪ್ಪ ಹೋದರು, ಆಗಸ್ಟಿನಲ್ಲಿ ದಾಯಾದಿಯೊಬ್ಬರು. ನಮ್ಮದು ದೊಡ್ಡ ಕುಟುಂಬ. ಸೂತಕದಲ್ಲಿ ದೇವಸ್ಥಾನದೊಳಗೆ ಬರೋ ಹಾಗಿಲ್ಲವಲ್ಲ. ಹನ್ನೊಂದನೇ ದಿನ ಶುದ್ಧಿಯಾದ ಮೇಲೆ ಆ ನೀರು ಚೆಲ್ಲಿ, ಪಾತ್ರೆ ತೊಳೆದು, ಹೊಸದಾಗಿ ಶುರು ಮಾಡ್ತೀನಿ. ಅಳೆಯದೇ ಇದ್ದದ್ದಕ್ಕೆ ಅಂಕಿ ಬರೆದರೆ ಸುಳ್ಳಾಗುತ್ತಲ್ಲ, ಅದಕ್ಕೇ ಗೀಟು."

ಗೀಟು ಸೊನ್ನೆಯಾದದ್ದು ಎಲ್ಲಿ ಎಂದು ಹುಡುಕಬೇಕಾಗಿರಲಿಲ್ಲ. ಕಚೇರಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಹಳೆಯ ಪುಸ್ತಕಗಳನ್ನು ಅದಕ್ಕೆ ತುಂಬಿದವಳು ನಾನೇ. ಗೀಟು ಒತ್ತಿದರೆ ಅದು ತೆಗೆದುಕೊಳ್ಳುತ್ತಿರಲಿಲ್ಲ. ಸೊನ್ನೆ ಒತ್ತಿ ಮುಂದೆ ಹೋಗಿದ್ದೆ. ತೊಂಬತ್ತರ ಪುಟ ತಿರುಗಿಸಿದೆ, ಇಪ್ಪತ್ತು ಗೀಟು. ತೊಂಬತ್ತನಾಲ್ಕರಲ್ಲೂ ಅಷ್ಟೇ. ಬರಗಾಲ ಎಣಿಸುತ್ತಿದ್ದೇನೆ ಎಂದುಕೊಂಡು ನಾನು ಆ ಮನೆಯ ಸಾವುಗಳನ್ನು ಎಣಿಸಿದ್ದೆ.

ರಂಗಸ್ವಾಮಿಯವರು ಪಟ್ಟಿಗೆ ಆಗಲೇ ಸಹಿ ಹಾಕಿದ್ದರು. "ಹೋಗಲಿ ಬಿಡಮ್ಮ, ಮುಂದಿನ ವರ್ಷ ಸೇರಿಸೋಣ" ಎಂದರು. ಮುಂದಿನ ವರ್ಷದವರೆಗೆ ಏರಿ ಕಾಯಬೇಕಲ್ಲ! ಪಟ್ಟಿ ಒಪ್ಪುವ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತೆ. "ತಪ್ಪು ನನ್ನದು. ಅರ್ಚಕರದ್ದಲ್ಲ, ಮಳೆಯದ್ದೂ ಅಲ್ಲ" ಎಂದೆ. ಅಕ್ಕಪಕ್ಕದ ಊರುಗಳ ಮಳೆ ಹಿಡಿದು ಗೀಟಿನ ದಿನಗಳನ್ನು ಅಂದಾಜು ಮಾಡಿ ತೋರಿಸಿದೆ. ಐದು ಒಣ ವರ್ಷ ಎರಡಕ್ಕೆ ಇಳಿಯಿತು. ಯಾರೋ ಹಿಂದಿನಿಂದ ಕಿಸಕ್ಕೆಂದರು. ನಗಲಿ ಬಿಡಿ, ಈ ಲೆಕ್ಕವನ್ನು ಯಾರೂ ಅಲ್ಲಾಡಿಸಲಾರರು ಎಂದು ನನಗೆ ಗೊತ್ತಿತ್ತು. ಕೆರೆ ಪಟ್ಟಿಗೆ ಸೇರಿತು, ಮೇ ಮುಗಿಯುವಷ್ಟರಲ್ಲಿ ಏರಿಯೂ ಗಟ್ಟಿಯಾಯಿತು.

ವಿಷಯ ತಿಳಿಸಿದಾಗ ಲಕ್ಕಮ್ಮ ಬಿದ್ದು ಬಿದ್ದು ನಕ್ಕರು. "ಅಯ್ನೋರ್ ಮನೇಲಿ ಸಾವಾದ್ರೆ ನಮ್ಮೂರ್ಗೆ ಬರವಾ? ಚೆನ್ನಾಗದೆ ಕಣವ್ವ! ಅವರು ಮುಟ್ಟದಿದ್ರೆ ನನ್ಗೆ ಏಳ್ಕೊಡಿ, ನಾನ್ ಅಳೀತೀನಿ."

ಯೋಗಾನರಸಿಂಹ ಅವರೇ ಅಳತೆ ಗಾಜು ಹಿಡಿಯುವುದನ್ನು ಅವರಿಗೆ ಹೇಳಿಕೊಟ್ಟರು.

ಆಗಸ್ಟ್ ಮೊದಲ ವಾರ ಜುಲೈ ತಿಂಗಳ ಪುಸ್ತಕ ಬಂತು. ಒಂದೇ ಒಂದು ಗೀಟಿರಲಿಲ್ಲ. ಆದರೆ ಆರರಿಂದ ಹದಿನೈದರವರೆಗೆ ಅರ್ಚಕರ ಮುತ್ತಿನಂಥ ಅಕ್ಷರ ಹೋಗಿ, ಗೆರೆ ದಾಟಿದ ದಪ್ಪ ದಪ್ಪ ಅಂಕಿಗಳಿದ್ದವು. ಹದಿನಾಲ್ಕನೇ ತಾರೀಖಿನ ಪಕ್ಕದಲ್ಲಿ "ಕೆರೆ ಕೋಡಿ ಬಿತ್ತು, ಏರಿ ಗಟ್ಟಿ" ಎಂದು ಬರೆದಿತ್ತು.

ಕಂಪ್ಯೂಟರ್ ಕಡೆ ತಿರುಗುವ ಮೊದಲು ಆ ಊರಿಗೆ ಫೋನ್ ಮಾಡಿದೆ. ಯೋಗಾನರಸಿಂಹ ಅವರನ್ನು ಕರೆಸಿ, ಮನೆಯಲ್ಲಿ ಯಾರು ಹೋದರು ಎಂದು ಕೇಳಿದೆ.